ನಲ್ಲಿಯ ನೀರು ಮತ್ತು ಮನಸ್ಸಾಕ್ಷಿ

ಕೆಲವು ತಿಂಗಳ ಹಿಂದೆ ನಮ್ಮ ಬೀದಿಯ ಕಿರು ಕ್ರೈಸ್ತ ಸಮುದಾಯದ ಪ್ರಾರ್ಥನಾಕೂಟ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಾ ಕುಳಿತಿದ್ದೆವು. ಆಗ, ಹೊಸದಾಗಿ ತಾಯಿಯಾಗಿರುವ ಒಬ್ಬ ಹೆಣ್ಣುಮಗಳು ಒಂದು ಸಂದೇಹ ಎತ್ತಿದಳು. ಅವರ ಮನೆಯ ತಾರಸಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಇದೆ. ಬೀದಿಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಅಡಿಗೆಮನೆಗೆ ನೀರು ಬರುವುದೂ ಪ್ಲಾಸ್ಟಿಕ್ ಪೈಪಿನಲ್ಲೇ. ಬೇಸಿಗೆಯ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಬಿಸಿನೀರಿನ ಜೊತೆಗೆ ಒಂದು ಬಗೆಯ ವಾಸನೆಯೂ ಬರುತ್ತದೆ.

"ಮಗೂಗೆ ಇದೇ ನೀರನ್ನ ಕಾಯಿಸಿ ಆರಿಸಿ ಕುಡಿಸ್ತೀನಿ. ಇದರಲ್ಲಿ ಏನಿದೆ ಅಂತ ಒಂದ್ಸಲ ಪರೀಕ್ಷೆ ಮಾಡಿಸಬೇಕು ಅನ್ಸುತ್ತೆ. ಎಲ್ಲಿ ಮಾಡಿಸೋದು ಮೇಷ್ಟ್ರೇ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಆ ಮನೆಯ ಹಿರಿಯಮ್ಮ ಉತ್ತರ ಕೊಟ್ಟರು: "ಯಾಕಮ್ಮಾ ಇಲ್ಲದ ತಲೆನೋವು? ಇಷ್ಟು ವರ್ಷ ಇದೇ ನೀರು ಕುಡಿದು ನಾವೆಲ್ಲ ಬದುಕಿಲ್ವಾ? ಏನೋ ಇದೆ ಅಂತ ಗೊತ್ತಾದ್ರೆ ಆಮೇಲೆ ಕುಡಿಯೋಕೂ ಆಗಲ್ಲ, ಬಿಡೋಕೂ ಆಗಲ್ಲ. ಗೊತ್ತಿಲ್ಲದೇ ಇರೋದೇ ನೆಮ್ಮದಿ."

ಕುಳಿತವರು ನಕ್ಕರು. ಕೆಲವರು ಹೌದೆಂದು ತಲೆಯಾಡಿಸಿದರು. ಮಾತು ಮಳೆಯ ಕಡೆಗೆ, ಮಕ್ಕಳ ಫೀಸಿನ ಕಡೆಗೆ ತಿರುಗಿತು. ನಾನೂ ಅಂದು ಸುಮ್ಮನೆ ಎದ್ದು ಬಂದೆ.

ಆದರೆ ಹಿರಿಯಮ್ಮನ ಮಾತು ನನ್ನನ್ನು ಬಿಡಲಿಲ್ಲ. ಅದು ಸೋಮಾರಿತನದ ಮಾತಾಗಿರಲಿಲ್ಲ. ದೂರದ ಬಾವಿಯಿಂದ ಕೊಡ ಹೊತ್ತು ತಂದು ಆರು ಮಕ್ಕಳನ್ನು ಸಾಕಿದ ಜೀವ ಅದು. ಬೇರೆ ನೀರೇ ಇಲ್ಲದವರಿಗೆ, ಇರುವ ನೀರಿನ ದೋಷ ತಿಳಿದು ಆಗಬೇಕಾದ್ದೇನು? ಇದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಆದರೂ, ಗೊತ್ತಿಲ್ಲದಿರುವುದು ನಿಜವಾಗಿ ನೆಮ್ಮದಿಯೇ? ಆ ನೆಮ್ಮದಿಯ ಬೆಲೆಯನ್ನು ಕಟ್ಟುವವರು ಯಾರು? ತಿಳಿಯಬಹುದಾದುದನ್ನು ತಿಳಿಯದೆ ಬಿಟ್ಟರೆ ದೇವರ ಮುಂದೆ ನಾವು ಹೊಣೆಗಾರರಲ್ಲವೇ?

ಈ ಪ್ರಶ್ನೆಗಳನ್ನು ಬರಿಯ ಮಾತಿನಲ್ಲಿ ಚರ್ಚಿಸುವುದಕ್ಕಿಂತ, ನಡೆದುಹೋದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ಯೋಚಿಸುವುದು ಲೇಸು. ಊರಿನ ನಲ್ಲಿಯ ನೀರನ್ನು ಪರೀಕ್ಷಿಸಿ, ಅದರಲ್ಲಿ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಇದೆಯೆಂದು ತಿಳಿದುಕೊಂಡು, ಆ ಊರಿನವರಿಗೆ ಹದಿನಾರು ವರ್ಷ ಹೇಳದೆ ಉಳಿದವರ ಕಥೆ ಅದು. ನಡೆದದ್ದು ಅಮೆರಿಕದಲ್ಲಿ. ಆದರೆ ಅದನ್ನು ಓದಿದವರಿಗೆ ಅಮೆರಿಕ ದೂರವೆನಿಸುವುದಿಲ್ಲ.

ಪಾರ್ಕರ್ಸ್‌ಬರ್ಗಿನ ನೀರು

ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಒಹಾಯೊ ನದಿಯ ದಡದಲ್ಲಿ ಪಾರ್ಕರ್ಸ್‌ಬರ್ಗ್ ಎಂಬ ಪಟ್ಟಣವಿದೆ. ಅದರ ಹತ್ತಿರ ಡ್ಯೂಪಾಂಟ್ ಕಂಪನಿಯ ದೊಡ್ಡ ಕಾರ್ಖಾನೆ ಇತ್ತು. ದೋಸೆಯ ತವಾಕ್ಕೆ ಹಿಟ್ಟು ಅಂಟದಂತೆ ಮಾಡುವ ಟೆಫ್ಲಾನ್ ನಮಗೆಲ್ಲ ಗೊತ್ತಲ್ಲವೇ? ಅದೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಅದನ್ನು ತಯಾರಿಸುವಾಗ ಸಹಾಯಕವಾಗಿ ಬಳಸುತ್ತಿದ್ದ ಒಂದು ರಾಸಾಯನಿಕಕ್ಕೆ ಕಾರ್ಖಾನೆಯವರು ಇಟ್ಟ ಹೆಸರು ಸಿ-8. ಅದರಲ್ಲಿ ಎಂಟು ಇಂಗಾಲದ ಪರಮಾಣುಗಳಿರುವುದರಿಂದ ಆ ಹೆಸರು. ವಿಜ್ಞಾನಿಗಳು ಅದನ್ನು ಪಿ.ಎಫ್.ಓ.ಎ. ಎನ್ನುತ್ತಾರೆ. 1951ರಿಂದ ಡ್ಯೂಪಾಂಟ್ ಅದನ್ನು 3ಎಂ ಎಂಬ ಇನ್ನೊಂದು ಕಂಪನಿಯಿಂದ ಕೊಂಡು ತರುತ್ತಿತ್ತು.

ಈ ವಸ್ತುವಿನಲ್ಲಿ ಇಂಗಾಲ ಮತ್ತು ಫ್ಲೋರಿನ್ ಪರಮಾಣುಗಳ ಬೆಸುಗೆ ಬಹಳ ಗಟ್ಟಿ. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು ಯಾವುದೂ ಅದನ್ನು ಸುಲಭವಾಗಿ ಒಡೆಯಲಾರವು. ದೇಹವನ್ನು ಹೊಕ್ಕರೆ ರಕ್ತದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನೀರಿಗೆ ಬೆರೆತರೆ ಬಣ್ಣವಿಲ್ಲ, ರುಚಿಯಿಲ್ಲ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅಂದರೆ ತಾಯಂದಿರ ಕಣ್ಣಿಗಾಗಲಿ ನಾಲಗೆಗಾಗಲಿ ಎಂದೂ ಸಿಕ್ಕಿಬೀಳದ ವಸ್ತು ಅದು. ಪ್ರಯೋಗಾಲಯದ ಪರೀಕ್ಷೆಯೊಂದೇ ಅದನ್ನು ಹಿಡಿಯಬಲ್ಲದು.

ಆ ಪರೀಕ್ಷೆ ನಡೆಯಿತು. ನಡೆಸಿದ್ದು ಕಂಪನಿಯೇ. ಇಲಿಗಳ ಮೇಲಿನ ಪ್ರಯೋಗದಲ್ಲಿ ಹುಟ್ಟುವ ಮರಿಗಳ ಕಣ್ಣಿಗೆ ತೊಂದರೆ ಕಂಡಿತೆಂದು 1981ರಲ್ಲಿ 3ಎಂ ತಿಳಿಸಿದಾಗ, ಡ್ಯೂಪಾಂಟ್ ಆ ವಿಭಾಗದಲ್ಲಿ ದುಡಿಯುತ್ತಿದ್ದ ಮಹಿಳೆಯರನ್ನು ಬೇರೆಡೆಗೆ ಕಳುಹಿಸಿತು. 1984ರಲ್ಲಿ ತನ್ನ ನೌಕರರಿಂದ ನದಿಯ ಎರಡೂ ದಡಗಳ ಊರುಗಳಲ್ಲಿ ನಲ್ಲಿಯ ನೀರನ್ನು ಸದ್ದಿಲ್ಲದೆ ತುಂಬಿಸಿ ತರಿಸಿ ಪರೀಕ್ಷಿಸಿತು. ಈ ದಡದ ಲ್ಯೂಬೆಕ್‌ನಲ್ಲೂ ಆ ದಡದ ಲಿಟಲ್ ಹಾಕಿಂಗ್‌ನಲ್ಲೂ ನೀರಿನಲ್ಲಿ ಸಿ-8 ಇತ್ತು. 1991ರಲ್ಲಿ ಕಂಪನಿಯ ವಿಜ್ಞಾನಿಗಳು ಕುಡಿಯುವ ನೀರಿನಲ್ಲಿ ಅದು ನೂರು ಕೋಟಿಯಲ್ಲಿ ಒಂದು ಭಾಗ ಮೀರಬಾರದೆಂದು ತಮ್ಮೊಳಗೇ ಒಂದು ಮಿತಿ ಗೊತ್ತುಮಾಡಿಕೊಂಡರು. ಅದೇ ವರ್ಷ ಒಂದು ಊರಿನ ನೀರಿನಲ್ಲಿ ಆ ಮಿತಿಯ ಮೂರು ಪಟ್ಟು ಕಂಡುಬಂತು. ಒಳಗೆ ಚರ್ಚೆ ನಡೆಯಿತು. ಹೊರಗೆ ಒಂದು ಮಾತೂ ಬರಲಿಲ್ಲ.

ಓದುಗರೇ, ಆ ಹದಿನಾರು ವರ್ಷಗಳನ್ನು ಸ್ವಲ್ಪ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. 1984ರಲ್ಲಿ ಹುಟ್ಟಿದ ಮಗು 2000ದ ಹೊತ್ತಿಗೆ ಹೈಸ್ಕೂಲಿನಲ್ಲಿರುತ್ತದೆ. ಅದರ ಹಾಲಿನ ಪುಡಿ ಕಲಸಿದ್ದು, ಗಂಜಿ ಬೇಯಿಸಿದ್ದು ಆ ನೀರಿನಲ್ಲೇ. ಆ ತಾಯಿಗೆ ಹಿರಿಯಮ್ಮ ಹೇಳಿದ ನೆಮ್ಮದಿ ಇತ್ತು, ಏಕೆಂದರೆ ಗೊತ್ತಿರಲಿಲ್ಲ. ಆದರೆ ಆ ನೆಮ್ಮದಿ ಅವಳ ಆಯ್ಕೆಯಾಗಿರಲಿಲ್ಲ. ಬೇರೆ ಯಾರೋ ಅವಳ ಪರವಾಗಿ ಆರಿಸಿದ್ದರು.

ಅಜ್ಞಾನದಲ್ಲಿಯೂ ಭೇದವಿದೆ

ಗೊತ್ತಿಲ್ಲದಿರುವುದೆಲ್ಲ ಪಾಪವಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಕೆಲವು ಭಕ್ತಮನಸ್ಸುಗಳು ಎಲ್ಲಕ್ಕೂ ತಾವೇ ಕಾರಣವೆಂದು ನರಳುತ್ತವೆ. ಹದಿಮೂರನೆಯ ಶತಮಾನದಲ್ಲಿ ಬದುಕಿದ್ದ ಸಂತ ಥಾಮಸ್ ಅಕ್ವಿನಾಸರು ಈ ವಿಷಯವನ್ನು ಬಿಡಿಸಿ ನೋಡಿದರು. ಅವರ ವಿಚಾರದ ಸಾರವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು.

ಎಷ್ಟು ಪ್ರಯತ್ನಪಟ್ಟರೂ ತಿಳಿಯಲಾಗದ ಅಜ್ಞಾನ ಒಂದು. ಲಿಟಲ್ ಹಾಕಿಂಗ್‌ನ ತಾಯಿಯದು ಅದು. ಅವಳ ಮೇಲೆ ಯಾವ ದೋಷವೂ ಇಲ್ಲ. ತಿಳಿಯಬಹುದಾಗಿದ್ದೂ, ತಿಳಿಯಬೇಕಾಗಿದ್ದೂ, ಉದಾಸೀನದಿಂದ ವಿಚಾರಿಸದೆ ಉಳಿಸಿಕೊಂಡ ಅಜ್ಞಾನ ಎರಡನೆಯದು. ಇದು ಕರ್ತವ್ಯಲೋಪ. ಬಲಿಪೂಜೆಯ ಆರಂಭದಲ್ಲಿ ನಾವು ಪಾಪಗಳನ್ನು ಅರಿಕೆಮಾಡಿಕೊಳ್ಳುವಾಗ ಮಾಡಿದ್ದನ್ನಷ್ಟೇ ಅಲ್ಲ, ಮಾಡದೆ ಬಿಟ್ಟದ್ದನ್ನೂ ಸೇರಿಸುತ್ತೇವಲ್ಲ, ಅದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ತಿಳಿದರೆ ಮಾಡುತ್ತಿರುವ ಕೆಲಸ ಬಿಡಬೇಕಾದೀತೆಂದು ಬೇಕೆಂದೇ ತಿಳಿಯದೆ ಉಳಿಯುವುದು. ಇದು ಅಪರಾಧವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ ಎಂಬುದು ಅಕ್ವಿನಾಸರ ನಿಲುವು.

ಪಾರ್ಕರ್ಸ್‌ಬರ್ಗಿನ ಕಾರ್ಖಾನೆಯದು ಈ ಮೂರರಲ್ಲಿ ಯಾವುದೂ ಅಲ್ಲ. ಅಲ್ಲಿ ತಿಳಿವಳಿಕೆ ಇತ್ತು. ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಕಪಾಟಿನಲ್ಲಿಟ್ಟುಕೊಳ್ಳುವುದು ಅಜ್ಞಾನವಲ್ಲ, ಇತರರನ್ನು ಅಜ್ಞಾನದಲ್ಲಿ ಇರಿಸುವುದು. ನೆರೆಯವನ ಅನ್ನದ ತಟ್ಟೆಯಲ್ಲಿ ಗಾಜಿನ ಚೂರು ಕಂಡೂ ಸುಮ್ಮನಿದ್ದು, 'ನಾನೇನೂ ಮಾಡಲಿಲ್ಲವಲ್ಲ' ಎಂದು ಹೇಳಿದ ಹಾಗೆ. ಹಾಗಾಗಿ ನೀರನ್ನು ಪರೀಕ್ಷಿಸುವ ಕೆಲಸದಲ್ಲಿ ಒಂದು ನೈತಿಕ ನಿಯಮ ಅಡಗಿದೆ. ಅದು ಎಲ್ಲರೂ ಕುಡಿಯುವ ನೀರಾದರೆ, ಅದರ ಫಲಿತಾಂಶವೂ ಎಲ್ಲರದು. ಬಾಟಲಿಯಲ್ಲಿ ನೀರು ತುಂಬಿಸಿಕೊಂಡ ಕ್ಷಣದಿಂದಲೇ ಹೇಳುವ ಹೊಣೆ ಅವನ ಹೆಗಲೇರುತ್ತದೆ.

ಸುದ್ದಿ ಮುಟ್ಟಿದ ಮೇಲೆ

ಆ ಮೌನ ಒಡೆದದ್ದು ಹೇಗೆ? ವಿಲ್ಬರ್ ಟೆನಂಟ್ ಎಂಬ ರೈತನ ಹಸುಗಳು ಒಂದೊಂದಾಗಿ ಸಾಯತೊಡಗಿದವು. ಕಂಪನಿ ಅವರ ಕುಟುಂಬದಿಂದಲೇ ಕೊಂಡಿದ್ದ ಜಮೀನಿನಲ್ಲಿ ಕಾರ್ಖಾನೆಯ ಕಸ ಹೂಳುತ್ತಿತ್ತು. ಅಲ್ಲಿಂದ ಬರುವ ಹಳ್ಳದ ನೀರನ್ನು ಅವರ ದನಗಳು ಕುಡಿಯುತ್ತಿದ್ದವು. ನೂರೈವತ್ತಕ್ಕೂ ಹೆಚ್ಚು ಹಸುಗಳು ಸತ್ತವು. ಊರಿನಲ್ಲಿ ಯಾರೂ ಕಿವಿಗೊಡಲಿಲ್ಲ. 1998ರಲ್ಲಿ ಅವರು ಸಿನ್ಸಿನಾಟಿಯ ವಕೀಲ ರಾಬ್ ಬಿಲಾಟ್‌ಗೆ ಫೋನ್ ಮಾಡಿದರು. ಬಿಲಾಟ್ ಆವರೆಗೆ ರಾಸಾಯನಿಕ ಕಂಪನಿಗಳ ಪರವಾಗಿಯೇ ವಾದಿಸುತ್ತಿದ್ದವರು. ಅವರ ಅಜ್ಜಿ ಇದ್ದದ್ದು ಪಾರ್ಕರ್ಸ್‌ಬರ್ಗಿನ ಪಕ್ಕದ ಊರಿನಲ್ಲಿ. ಆ ಒಂದು ನಂಟಿನಿಂದ ಅವರು ರೈತನ ಮಾತು ಕೇಳಿದರು. 1999ರಲ್ಲಿ ದಾವೆ ಹೂಡಿದರು. ನ್ಯಾಯಾಲಯದ ಆದೇಶದಂತೆ ಕಂಪನಿ ಒಪ್ಪಿಸಿದ ಒಂದು ಲಕ್ಷಕ್ಕೂ ಮೀರಿದ ಪುಟಗಳನ್ನು ಕಚೇರಿಯ ನೆಲದ ಮೇಲೆ ಹರಡಿಕೊಂಡು ಕೂತು ಓದಿದಾಗ, ದನಗಳ ಹಿಂದೆ ಮನುಷ್ಯರೂ ಇದ್ದಾರೆಂಬುದು ಹೊರಬಿತ್ತು.

2000ದ ಅಕ್ಟೋಬರ್ ಕೊನೆಯಲ್ಲಿ ಲ್ಯೂಬೆಕ್‌ನ ಮನೆಗಳಿಗೆ ನೀರಿನ ಬಿಲ್ಲಿನ ಜೊತೆ ಒಂದು ಪತ್ರ ಬಂತು. ನೀರಿನಲ್ಲಿ ಇಂಥದೊಂದು ವಸ್ತು ಅಲ್ಪ ಪ್ರಮಾಣದಲ್ಲಿದೆ, ಆದರೆ ಆರೋಗ್ಯಕ್ಕೆ ಅಪಾಯವಿಲ್ಲ ಎಂಬರ್ಥದ ಪತ್ರ. ಹೆಚ್ಚಿನವರು ಓದಿ ಬದಿಗಿಟ್ಟಿರಬೇಕು. ಜೋ ಕೈಗರ್ ಎಂಬ ಶಿಕ್ಷಕರಿಗೆ ಮಾತ್ರ ಅದು ಹಿಡಿಸಲಿಲ್ಲ. ಅಪಾಯವೇ ಇಲ್ಲದಿದ್ದರೆ ಪತ್ರವೇಕೆ? ಅವರು ಒಂದೊಂದೇ ಇಲಾಖೆಗೆ ಫೋನ್ ಮಾಡಿ ವಿಚಾರಿಸಿದರು. ಸರಿಯಾದ ಉತ್ತರ ಸಿಗದೆ ಕೊನೆಗೆ ಬಿಲಾಟ್ ಅವರನ್ನು ಸೇರಿದರು. 2001ರ ಆಗಸ್ಟ್‌ನಲ್ಲಿ ಹೂಡಿದ ಸಾಮೂಹಿಕ ದಾವೆಯಲ್ಲಿ ಕೈಗರ್ ದಂಪತಿಗಳೂ ವಾದಿಗಳಾದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕೈಗರ್ ವಿಜ್ಞಾನಿಯಲ್ಲ. ಅವರ ಬಳಿ ಪ್ರಯೋಗಾಲಯವಿರಲಿಲ್ಲ. ಎಲ್ಲರ ಮನೆಗೂ ಬಂದ ಕಾಗದವನ್ನು ಅವರು ಎರಡನೆಯ ಸಲ ಓದಿದರು, ಅಷ್ಟೆ. ಅಕ್ವಿನಾಸರು ಹೇಳುವ ಎರಡನೆಯ ಬಗೆಯ ಅಜ್ಞಾನದಿಂದ ಮನುಷ್ಯನನ್ನು ಹೊರತರಲು ಬಹಳ ಸಲ ಇಷ್ಟೇ ಸಾಕು.

ನಾಲ್ಕು ಸಲ ಚರ್ಚು ಬದಲಿಸಿದ ಕುಟುಂಬ

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಕಂಪನಿಯ ನಡತೆಯಲ್ಲ. ಊರಿನವರ ನಡತೆ.

ಆ ಪ್ರದೇಶದಲ್ಲಿ ಸಾವಿರಾರು ಮನೆಗಳ ಅನ್ನ ಬರುತ್ತಿದ್ದದ್ದು ಆ ಕಾರ್ಖಾನೆಯಿಂದ. ಒಳ್ಳೆಯ ಸಂಬಳ, ಮಕ್ಕಳಿಗೆ ಓದು, ಮನೆಗೆ ಸಾಲ, ಎಲ್ಲವೂ ಅದರ ಹೆಸರಿನಲ್ಲಿ. ಅಂಥ ಕಾರ್ಖಾನೆಯ ವಿರುದ್ಧ ಬೆರಳೆತ್ತಿದ ಟೆನಂಟ್ ಕುಟುಂಬದವರನ್ನು ಪರಿಚಯಸ್ಥರು ಬೀದಿಯಲ್ಲಿ ಮಾತನಾಡಿಸದಾದರು. ಅವರು ಹೋಟೆಲಿಗೆ ಕಾಲಿಟ್ಟರೆ ಇತರರು ಎದ್ದು ಹೋಗುತ್ತಿದ್ದರು. ಆ ಕುಟುಂಬ ನಾಲ್ಕು ಸಲ ಚರ್ಚು ಬದಲಾಯಿಸಬೇಕಾಯಿತು.

ನಾಲ್ಕು ಸಲ. ಪ್ರತಿ ಭಾನುವಾರ ನೆರೆಯವರನ್ನು ಪ್ರೀತಿಸಬೇಕೆಂಬ ಬೋಧನೆ ಕೇಳುವ ಬೆಂಚುಗಳು ಅವು. ಅಲ್ಲಿ ಕುಳಿತವರು ಕೆಟ್ಟವರಲ್ಲ. ನಮ್ಮ ಹಾಗೆಯೇ ಮಕ್ಕಳೊಂದಿಗರು. ಅವರೂ ಅದೇ ನೀರು ಕುಡಿಯುತ್ತಿದ್ದರು. ಆದರೂ ನೀರಿನ ವಿಷಕ್ಕಿಂತ ಅದರ ಸುದ್ದಿ ಅವರಿಗೆ ಹೆಚ್ಚು ಭಯ ತಂದಿತು. ಏಕೆಂದರೆ ವಿಷ ಕಾಣುವುದಿಲ್ಲ, ಸಂಬಳ ಪ್ರತಿ ತಿಂಗಳೂ ಕಾಣುತ್ತದೆ.

ಅವರನ್ನು ದೂರುವ ಮುನ್ನ ನಮ್ಮ ಬೆಂಚುಗಳನ್ನು ನೋಡಿಕೊಳ್ಳೋಣ. ನಮ್ಮ ಧರ್ಮಕೇಂದ್ರದಲ್ಲಿ ಅರ್ಧ ಜನ ಒಂದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದು, ಒಬ್ಬ ರೈತ ಎದ್ದು ನಿಂತು ಆ ಕಾರ್ಖಾನೆಯಿಂದ ಊರಿನ ನೀರು ಕೆಟ್ಟಿದೆ ಎಂದರೆ ನಾವೇನು ಮಾಡುತ್ತೇವೆ? ಹಬ್ಬದ ದಿನ ಆ ಕಾರ್ಖಾನೆಯವರು ಪೆಂಡಾಲಿಗೆ ಕೊಟ್ಟ ಹಣ ನೆನಪಾಗುವುದಿಲ್ಲವೇ? 'ಇವನಿಗ್ಯಾಕೆ ಇಲ್ಲದ ಉಸಾಬರಿ' ಎಂದು ಪಕ್ಕದವರ ಕಿವಿಯಲ್ಲಿ ಹೇಳುವುದಿಲ್ಲವೇ? ಆ ರೈತ ಕುಳಿತ ಬೆಂಚಿನಲ್ಲಿ ಜಾಗ ಖಾಲಿಯಾಗುವುದಿಲ್ಲವೇ?

ಲಾಜರನ ಸಾಮತಿ ನಮಗೆಲ್ಲ ಬಾಯಿಪಾಠವಿದೆ. ಆ ಶ್ರೀಮಂತ ಲಾಜರನನ್ನು ಹೊಡೆಯಲಿಲ್ಲ, ಬಾಗಿಲಿನಿಂದ ಓಡಿಸಲಿಲ್ಲ. ಬಾಗಿಲಲ್ಲೇ ಬಿದ್ದಿದ್ದವನ ವಿಷಯ ತನಗೆ ಸಂಬಂಧಿಸಿದ್ದೆಂದು ಭಾವಿಸಲಿಲ್ಲ, ಅಷ್ಟೆ. ಕೊನೆಗೆ ಅವನು ಬೇಡಿದ್ದು ನಾಲಗೆಗೆ ಒಂದು ತೊಟ್ಟು ನೀರು. ಅವನ ಅಪರಾಧವೆಲ್ಲ ಮಾಡದೆ ಬಿಟ್ಟದ್ದರಲ್ಲಿತ್ತು ಎಂಬುದನ್ನು ನಾವು ಎಷ್ಟು ಸಲ ನೆನೆದಿದ್ದೇವೆ?

ಸತ್ಯಕ್ಕೂ ತಾಳ್ಮೆ ಬೇಕು

ಹಾಗೆಂದು, ಗಾಬರಿ ಹಬ್ಬಿಸುವುದು ಸತ್ಯ ಹೇಳಿದಂತಲ್ಲ. ಈ ವಿಷಯದಲ್ಲಿಯೂ ಆ ಊರಿನವರಿಂದ ಕಲಿಯುವುದಿದೆ.

2004ರಲ್ಲಿ ಸಾಮೂಹಿಕ ದಾವೆ ರಾಜಿಯಾಯಿತು. ಆರು ನೀರು ಸರಬರಾಜು ವ್ಯವಸ್ಥೆಗಳಿಗೆ ಕಂಪನಿ ಶೋಧಕಗಳನ್ನು ಹಾಕಿಸಿಕೊಡಬೇಕು, ಏಳು ಕೋಟಿ ಡಾಲರ್ ಕೊಡಬೇಕು, ಸಿ-8ರಿಂದ ನಿಜವಾಗಿ ರೋಗ ಬರುತ್ತದೆಯೇ ಎಂದು ಇಬ್ಬರೂ ಒಪ್ಪಿದ ಮೂವರು ವಿಜ್ಞಾನಿಗಳು ಪರಿಶೀಲಿಸಬೇಕು ಎಂದು ತೀರ್ಮಾನವಾಯಿತು. ಆ ಹಣವನ್ನು ಹಂಚಿಕೊಂಡು ಮನೆಗೆ ಹೋಗುವ ಬದಲು ಅಲ್ಲಿನ ಜನ ಒಂದು ವಿವೇಕದ ಕೆಲಸ ಮಾಡಿದರು. ರಕ್ತ ಪರೀಕ್ಷೆಗೆ ಬಂದವರಿಗೆ ತಲಾ 400 ಡಾಲರ್ ಎಂದು ಗೊತ್ತುಮಾಡಿ, ಆ ಹಣವನ್ನು ಸತ್ಯ ತಿಳಿಯುವುದಕ್ಕೇ ತೊಡಗಿಸಿದರು. 2005 ಮತ್ತು 2006ರಲ್ಲಿ ಸುಮಾರು 69,000 ಮಂದಿ ತೋಳು ಚಾಚಿ ರಕ್ತ ಕೊಟ್ಟರು, ತಮ್ಮ ರೋಗಗಳ ವಿವರ ಬರೆಸಿದರು. ಮೊದಲು ಮುಖ ತಿರುಗಿಸಿದವರಲ್ಲೂ ಅನೇಕರು ಆ ಸಾಲಿನಲ್ಲಿ ನಿಂತಿರಬೇಕು.

ಆಮೇಲೆ ಕಾಯಬೇಕಾಯಿತು. ವಿಜ್ಞಾನಿಗಳ ಉತ್ತರ ಪೂರ್ತಿಯಾಗಿ ಹೊರಬಂದದ್ದು 2012ರಲ್ಲಿ. ಆರು ತೊಂದರೆಗಳಿಗೂ ಈ ರಾಸಾಯನಿಕಕ್ಕೂ ಸಂಬಂಧವಿರುವ ಸಂಭವ ಹೆಚ್ಚೆಂದು ಅವರು ಹೇಳಿದರು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ರೋಗ, ದೊಡ್ಡಕರುಳಿನ ಹುಣ್ಣಿನ ಒಂದು ರೋಗ, ಕೊಲೆಸ್ಟರಾಲ್ ಏರಿಕೆ ಮತ್ತು ಗರ್ಭಿಣಿಯರ ರಕ್ತದೊತ್ತಡ. ತಾವು ಪರಿಶೀಲಿಸಿದ ಇತರ ಅನೇಕ ರೋಗಗಳ ವಿಷಯದಲ್ಲಿ ಅಂಥ ಸಂಬಂಧ ಕಾಣಲಿಲ್ಲವೆಂದೂ ಅಷ್ಟೇ ಸ್ಪಷ್ಟವಾಗಿ ಹೇಳಿದರು. ಇದ್ದದ್ದನ್ನು ಇದೆ ಎನ್ನುವುದರ ಜೊತೆಗೆ, ಇಲ್ಲದ್ದನ್ನು ಇಲ್ಲ ಎನ್ನುವುದೂ ಸತ್ಯವಂತಿಕೆಯೇ. ನಮ್ಮಲ್ಲಿ ಒಂದು ಸುದ್ದಿ ಮೊಬೈಲಿನಲ್ಲಿ ಬಂದರೆ ವಿಚಾರಿಸದೆ ಹತ್ತು ಮಂದಿಗೆ ಕಳುಹಿಸುವ ಅಭ್ಯಾಸವಿದೆಯಲ್ಲ, ಅದಕ್ಕೂ ಇದಕ್ಕೂ ಇರುವ ಅಂತರವನ್ನು ನೋಡಿ.

ವಿಲ್ಬರ್ ಟೆನಂಟ್ ಆ ಉತ್ತರ ಕೇಳಲು ಇರಲಿಲ್ಲ. 2009ರಲ್ಲೇ ತೀರಿಕೊಂಡಿದ್ದರು. 2017ರಲ್ಲಿ ಸುಮಾರು 3,500 ರೋಗಿಗಳ ದಾವೆಗಳು 67 ಕೋಟಿ ಡಾಲರಿಗೆ ಇತ್ಯರ್ಥವಾದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಪಿ.ಎಫ್.ಓ.ಎ.ಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. 2024ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ಕುಡಿಯುವ ನೀರಿಗೆ ಗೊತ್ತುಮಾಡಿದ ಮಿತಿ ಲೀಟರಿಗೆ ನಾಲ್ಕು ನ್ಯಾನೊಗ್ರಾಂ. ಅಂದರೆ 25 ಕೋಟಿ ಲೀಟರ್ ನೀರಿನಲ್ಲಿ ಒಂದೇ ಒಂದು ಗ್ರಾಂ. 1991ರಲ್ಲಿ ಕಂಪನಿ ತನ್ನೊಳಗೆ ಇಟ್ಟುಕೊಂಡಿದ್ದ ಮಿತಿ ಇದರ 250 ಪಟ್ಟು. ಆ ಮಿತಿಯನ್ನೂ ಮೀರಿದ ನೀರು ಆಗ ಜನರ ಲೋಟದಲ್ಲಿತ್ತು.

ನಮ್ಮ ನಲ್ಲಿಯ ಮುಂದೆ

ಈಗ ನಮ್ಮ ಬೀದಿಗೆ ಮರಳೋಣ. ನಮ್ಮ ಊರಿನಲ್ಲಿ ಟೆಫ್ಲಾನ್ ಕಾರ್ಖಾನೆ ಇಲ್ಲ. ಆ ತಾಯಿಯ ಟ್ಯಾಂಕಿನ ನೀರಿನಲ್ಲಿ ಸಿ-8 ಇದೆಯೆಂದು ಹೇಳಲು ನನಗೆ ಯಾವ ಆಧಾರವೂ ಇಲ್ಲ. ಹಾಗೆ ಹೆದರಿಸುವುದು ಪಾಪ. ಆದರೆ ಅವಳ ಪ್ರಶ್ನೆ ನ್ಯಾಯವಾದದ್ದು. ಪ್ಲಾಸ್ಟಿಕ್ ಪೈಪುಗಳನ್ನೇ ತೆಗೆದುಕೊಳ್ಳಿ. ಪಿ.ವಿ.ಸಿ. ಪೈಪು ಬಿಸಿಗೆ ಕೆಡದಂತೆ ತಯಾರಿಕೆಯಲ್ಲಿ ಸೀಸದ ಸಂಯುಕ್ತಗಳನ್ನು ಸೇರಿಸುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲ ಇತ್ತು. ಆ ಸೀಸ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಇಳಿಯಬಲ್ಲದು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ. ಇದನ್ನು ತಡೆಯಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮಗಳನ್ನು ಹೊರಡಿಸಿತು. ಅದಕ್ಕೂ ಮೊದಲು ಹಾಕಿದ ಪೈಪುಗಳು ನಮ್ಮ ಗೋಡೆಗಳೊಳಗೆ ಹಾಗೆಯೇ ಇವೆ.

ಮನೆಗೆ ಬರುವ ಶೋಧಕ ಮಾರುವವನ ಕೈಯಲ್ಲಿರುವ ಟಿ.ಡಿ.ಎಸ್. ಮೀಟರನ್ನು ನಂಬಿ ಕೂರಬೇಡಿ. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಕೊಡುತ್ತದೆ. ಸೀಸವನ್ನಾಗಲಿ ಪ್ಲಾಸ್ಟಿಕ್ಕಿನ ರಾಸಾಯನಿಕವನ್ನಾಗಲಿ ಹೆಸರು ಹಿಡಿದು ಹೇಳಲಾರದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಹಳ್ಳಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಡು ಮಾಡಲಾಯಿತು. ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಮುಂತಾದವನ್ನು ಅವರ ಪೆಟ್ಟಿಗೆ ತೋರಿಸುತ್ತದೆ. ಪಾವಗಡದಂಥ ಸೀಮೆಯಲ್ಲಿ ಫ್ಲೋರೈಡಿನಿಂದ ಹಲ್ಲು, ಮೂಳೆ ಕೆಟ್ಟವರನ್ನು ಕಂಡವರಿಗೆ ಆ ಪರೀಕ್ಷೆಯ ಬೆಲೆ ಗೊತ್ತು. ಪ್ಲಾಸ್ಟಿಕ್ಕಿನ ರಾಸಾಯನಿಕಗಳಿಗೆ ಆ ಪೆಟ್ಟಿಗೆ ಸಾಲದು. ಅದಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯ ಬೇಕು, ಹಣವೂ ಹೆಚ್ಚು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ 2012ರಲ್ಲಿ ಪರಿಷ್ಕೃತವಾದಾಗ ಸೀಸಕ್ಕೆ ಲೀಟರಿಗೆ 0.01 ಮಿಲಿಗ್ರಾಂ ಎಂಬ ಮಿತಿ ಇತ್ತು. ಸಿ-8ಕ್ಕೆ ಯಾವ ಮಿತಿಯನ್ನೂ ಹೇಳಿರಲಿಲ್ಲ.

ಪರೀಕ್ಷೆಗೂ ಒಂದು ಶಿಸ್ತಿದೆ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಮೊದಲು ಹಿಡಿದರೆ ಪೈಪು ಏನನ್ನು ಬಿಡುತ್ತಿದೆ ಎಂದು ತಿಳಿಯುತ್ತದೆ. ಕೆಲವು ನಿಮಿಷ ಹರಿಯಬಿಟ್ಟು ಹಿಡಿದರೆ ಮೂಲದಿಂದ ಬರುವ ನೀರಿನ ಗುಣ ತಿಳಿಯುತ್ತದೆ. ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ರಾಸಾಯನಿಕಗಳನ್ನು ಹುಡುಕುವುದಾದರೆ ನೀರನ್ನು ಗಾಜಿನ ಬಾಟಲಿಯಲ್ಲೇ ತುಂಬಬೇಕು. ಇಲ್ಲವಾದರೆ ಬಾಟಲಿಯ ದೋಷ ನೀರಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಬಾಟಲಿಯನ್ನೂ ಪ್ರಯೋಗಾಲಯದಿಂದಲೇ ಕೇಳಿ ಪಡೆಯುವುದು ಉತ್ತಮ.

ಹಣವಿದ್ದವರು ಒಂದು ಶೋಧಕ ಕೊಂಡು ಅಡಿಗೆಮನೆಯಲ್ಲಿ ತೂಗುಹಾಕಿ ಈ ಚಿಂತೆಯಿಂದ ಪಾರಾಗಬಹುದು. ಅದು ತಪ್ಪಲ್ಲ. ಆದರೆ ಅದೇ ಪೈಪಿನ ಕೊನೆಯಲ್ಲಿ ಬೀದಿ ನಲ್ಲಿಗೆ ಕೊಡ ಹಿಡಿದು ನಿಂತವಳು ಯಾರು? ನಮ್ಮ ಮನೆ ಪಾತ್ರೆ ತೊಳೆಯುವಾಕೆಯೇ ಇರಬಹುದು. ನಮ್ಮ ಲೋಟ ಶುದ್ಧವಾದ ಮೇಲೆ ಅವಳ ಕೊಡದ ಚಿಂತೆ ನಮಗೆ ಉಳಿಯುತ್ತದೆಯೇ? ಕುಡಿಯಲು ಸುರಕ್ಷಿತ ನೀರು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕೆಂದು ಜಗದ್ಗುರು ಫ್ರಾನ್ಸಿಸರು 2015ರ ತಮ್ಮ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬೋಧಿಸಿದರು. ಹಕ್ಕು ಎಲ್ಲರದಾದರೆ ವಿಚಾರಿಸುವ ಕರ್ತವ್ಯವೂ ಎಲ್ಲರದು. ಹಿರಿಯಮ್ಮನ ಮಾತಿಗೆ ಉತ್ತರ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಒಬ್ಬಳೇ ತಿಳಿದುಕೊಂಡರೆ ಕುಡಿಯಲೂ ಆಗದು, ಬಿಡಲೂ ಆಗದು. ಬೀದಿಯೇ ತಿಳಿದುಕೊಂಡರೆ ಪಂಚಾಯಿತಿಯ ಮುಂದೆ ಹೋಗಿ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ, ಸರಬರಾಜು ಮಾಡುವವರ ಬಳಿಯಿರುವ ಪರೀಕ್ಷಾ ವರದಿಯನ್ನು ಅರ್ಜಿ ಹಾಕಿ ಪಡೆಯಬಹುದು.

ಸಮಾರ್ಯದ ಸ್ತ್ರೀಯನ್ನು ನೆನಪಿಸಿಕೊಳ್ಳಿ. ನೀರಿಗೆಂದು ಬಾವಿಗೆ ಹೋದವಳು ಅಲ್ಲಿ ಒಂದು ದೊಡ್ಡ ಸತ್ಯ ತಿಳಿದಳು. ಆಮೇಲೆ ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋಗಿ ಎಲ್ಲರಿಗೂ ಹೇಳಿದಳು. ಊರಿನಲ್ಲಿ ಅವಳಿಗೆ ಒಳ್ಳೆಯ ಹೆಸರೇನೂ ಇರಲಿಲ್ಲ. ಆದರೂ ಹೇಳಿದಳು.

ಹಿಂದಿನ ವಾರದ ಕೂಟದಲ್ಲಿ ನಾನು ಪಾರ್ಕರ್ಸ್‌ಬರ್ಗಿನ ಈ ಕಥೆ ಹೇಳಿದೆ. ಹನ್ನೊಂದು ಮನೆಯವರು ಹಣ ಹಾಕಿ, ಮೊದಲು ಸೀಸದ ಪರೀಕ್ಷೆ ಮಾಡಿಸುವುದೆಂದು ನಿರ್ಧರಿಸಿದರು. ಒಂದು ಬಾಟಲಿ ಆ ತಾಯಿಯ ಮನೆಯಿಂದ, ಇನ್ನೊಂದು ಬೀದಿ ನಲ್ಲಿಯಿಂದ. ವರದಿ ಏನೇ ಬರಲಿ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಎಲ್ಲರ ಮುಂದೆ ಓದಿ ಹೇಳಬೇಕೆಂದು ನೀರು ತುಂಬಿಸುವ ಮುನ್ನವೇ ಒಪ್ಪಿಕೊಂಡೆವು. ವರದಿ ಕೈಗೆ ಬಂದ ಮೇಲೆ ಹೇಳುವುದೋ ಬಿಡುವುದೋ ಎಂದು ಯೋಚಿಸಲು ಕೂತರೆ, ಬಿಡುವುದಕ್ಕೆ ಕಾರಣಗಳು ಬೇಕಾದಷ್ಟು ಸಿಗುತ್ತವೆ.

ಹಿರಿಯಮ್ಮ ಅಂದು ಏನೂ ಮಾತನಾಡಲಿಲ್ಲ. ಎಲ್ಲರೂ ಎದ್ದ ಮೇಲೆ ಸೆರಗಿನ ಗಂಟು ಬಿಚ್ಚಿ ನೂರರ ಒಂದು ನೋಟು ನನ್ನ ಕೈಗಿಟ್ಟು, "ನಂಗಲ್ಲಪ್ಪಾ, ಆ ಕೂಸಿಗೆ" ಎಂದರು.